ಸೈಟ್ ಎಂದರೆ ಯಾವುದು? ಮುಕ್ತ ತಂತ್ರಾಂಶದಲ್ಲಿ ಪದಗಳ ಒಪ್ಪಂದ



ಜಾಲತಾಣ ಕಟ್ಟುವ ಮುಕ್ತ ತಂತ್ರಾಂಶವಾದ ವರ್ಡ್‌ಪ್ರೆಸ್ಸಿನಲ್ಲಿ ಒಂದೇ ಕಡೆಯಿಂದ ಹತ್ತಾರು ತಾಣಗಳನ್ನು ನಡೆಸುವ ಸೌಲಭ್ಯವಿದೆ. ಅದನ್ನು ಬಳಸುವ ಒಂದು ವಿಶ್ವವಿದ್ಯಾಲಯದ ಡೇಟಾಬೇಸ್ ತೆರೆದರೆ ಎರಡು ಟೇಬಲ್‌ಗಳು ಕಾಣುತ್ತವೆ. ಒಂದರ ಹೆಸರು ‘ಬ್ಲಾಗ್ಸ್’, ಇನ್ನೊಂದರದು ‘ಸೈಟ್’. ಹೊಸದಾಗಿ ಕೆಲಸಕ್ಕೆ ಸೇರಿದವರು ತಾಣಗಳ ಪಟ್ಟಿಯನ್ನು ‘ಸೈಟ್’ ಟೇಬಲ್ಲಿನಲ್ಲೇ ಹುಡುಕುತ್ತಾರೆ. ಸಾಮಾನ್ಯವಾಗಿ ಅಲ್ಲಿರುವುದು ಒಂದೇ ಸಾಲು. ತಾಣಗಳೆಲ್ಲ ಇರುವುದು ‘ಬ್ಲಾಗ್ಸ್’ ಟೇಬಲ್ಲಿನಲ್ಲಿ. ‘ಸೈಟ್’ ಟೇಬಲ್ಲಿನಲ್ಲಿರುವುದು ಆ ತಾಣಗಳನ್ನೆಲ್ಲ ಒಳಗೊಂಡ ಜಾಲ, ಅಂದರೆ ಈಗ ‘ನೆಟ್‌ವರ್ಕ್’ ಎಂದು ಕರೆಯುವ ವಸ್ತು.

ಇದು ಯಾರದೋ ಅಜಾಗರೂಕತೆಯಿಂದ ಆದದ್ದಲ್ಲ. ವರ್ಡ್‌ಪ್ರೆಸ್ ಎಂಯು ಎಂಬ ಬೇರೆ ತಂತ್ರಾಂಶವೊಂದಿತ್ತು. ಹಲವು ಬ್ಲಾಗುಗಳು ಸೇರಿದರೆ ಒಂದು ಸೈಟ್ ಎಂಬುದು ಅದರ ಲೆಕ್ಕ, ಮತ್ತು ಅದರ ಕಾಲಕ್ಕೆ ಆ ಲೆಕ್ಕ ಸರಿಯಾಗಿಯೇ ಇತ್ತು. 2010ರ ಜೂನ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಅದು ಮುಖ್ಯ ವರ್ಡ್‌ಪ್ರೆಸ್ಸಿನೊಳಗೆ ವಿಲೀನವಾಯಿತು. ಅಷ್ಟು ಹೊತ್ತಿಗೆ ಜನ ಅದರಲ್ಲಿ ಶಾಲೆ, ಅಂಗಡಿ, ಪತ್ರಿಕೆಗಳ ತಾಣಗಳನ್ನೂ ಕಟ್ಟತೊಡಗಿದ್ದರು. ಎಲ್ಲವನ್ನೂ ಬ್ಲಾಗ್ ಎನ್ನುವುದು ಒಪ್ಪುವಂತಿರಲಿಲ್ಲ. ಹಾಗಾಗಿ ಬ್ಲಾಗ್ ಆಗಿದ್ದದ್ದು ಸೈಟ್ ಆಯಿತು, ಸೈಟ್ ಆಗಿದ್ದದ್ದು ನೆಟ್‌ವರ್ಕ್ ಆಯಿತು. ಇಡೀ ಜಾಲದ ಮೇಲೆ ಅಧಿಕಾರವಿದ್ದ ‘ಸೈಟ್ ಅಡ್ಮಿನ್’ ‘ಸೂಪರ್ ಅಡ್ಮಿನ್’ ಆದರು. ತೆರೆಯ ಮೇಲಿನ ಮಾತು ಬದಲಾಯಿತು, ಒಳಗಿನ ಹೆಸರು ಹಾಗೇ ಉಳಿಯಿತು. ಹಳೆಯ ಹೆಸರನ್ನು ನಂಬಿ ಬರೆದ ಪ್ಲಗಿನ್‌ಗಳು ಎಷ್ಟೋ ಇದ್ದುದರಿಂದ ಅದನ್ನು ಮುಟ್ಟುವಂತಿರಲಿಲ್ಲ. 2016ರಲ್ಲಿ 4.5 ಆವೃತ್ತಿಗಾಗಿ ಸೈಟ್ ಎಂಬ ವಸ್ತುವನ್ನು ಕೋಡಿನಲ್ಲಿ ಹೊಸದಾಗಿ ರೂಪಿಸಿದಾಗಲೂ ಅದರ ಸ್ವಂತ ಸಂಖ್ಯೆಗೆ ‘ಬ್ಲಾಗ್ ಐಡಿ’ ಎಂದೂ, ಅದು ಸೇರಿದ ಜಾಲದ ಸಂಖ್ಯೆಗೆ ‘ಸೈಟ್ ಐಡಿ’ ಎಂದೂ ಹೆಸರಿಡಬೇಕಾಯಿತು. ಹಳೆಯ ಬಳಕೆಯ ಕಾರಣಕ್ಕೆ ಹೀಗಿದೆ ಎಂಬ ಟಿಪ್ಪಣಿಯನ್ನು ಬರೆದವರು ಪಕ್ಕದಲ್ಲೇ ಇಟ್ಟಿದ್ದಾರೆ.

ಈ ಭಾಷಣದ ವಾದ ಇಲ್ಲಿಂದಲೇ ಹೊರಡುತ್ತದೆ. ಮುಕ್ತ ತಂತ್ರಾಂಶದಲ್ಲಿ ಪದಗಳನ್ನು ಒಪ್ಪಿಕೊಳ್ಳುವುದು ಬಿಡುಗಡೆಯಾದ ಮೇಲೆ ಮಾಡುವ ಅಲಂಕಾರವಲ್ಲ, ಯೋಜನೆಯ ಕೆಲಸವೇ. ಕೋಡಿಗೆ ಇರುವಷ್ಟೇ ಪರಿಶೀಲನೆ ಅದಕ್ಕೂ ಬೇಕು, ಬಿಡುಗಡೆಗೆ ಮುಂಚೆಯೇ ಬೇಕು, ಮತ್ತು ಆ ಮೇಜಿನ ಸುತ್ತ ಅನುವಾದಕರೂ ಕೂತಿರಬೇಕು.

ಮಿಷೆಲ್ ವಾಲ್ಡ್ರಿಗಿ ಬರೆದಿದ್ದ ಬಿ2 ಎಂಬ ಬ್ಲಾಗ್ ತಂತ್ರಾಂಶವನ್ನು ಮುಂದುವರಿಸಲು ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಕೈಹಾಕಿದಾಗ ಇಂಥ ಸಭೆಯ ಅಗತ್ಯವಿರಲಿಲ್ಲ. 2003ರ ಮೇ 27ರಂದು ಅದು ವರ್ಡ್‌ಪ್ರೆಸ್ ಎಂಬ ಹೆಸರಿನಲ್ಲಿ ಮೊದಲು ಬಿಡುಗಡೆಯಾದಾಗ ಅದರ ಶಬ್ದಸಂಪತ್ತು ಚಿಕ್ಕದು: ಪೋಸ್ಟ್, ಕಾಮೆಂಟ್, ವರ್ಗ. ಬರೆಯುವವರೂ ಬಳಸುವವರೂ ಹೆಚ್ಚುಕಡಿಮೆ ಒಂದೇ ಬಳಗದವರು. 2005ರಲ್ಲಿ 1.5 ಆವೃತ್ತಿ ‘ಪುಟ’ವನ್ನು ತಂದಿತು. ದಿನಾಂಕದ ಸಾಲಿಗೆ ಸೇರದ, ‘ನಮ್ಮ ಬಗ್ಗೆ’ ಎಂಬಂಥ ಬರಹಕ್ಕೆ ಅದು ಜಾಗ. ಬಳಸುವವರ ಕಣ್ಣಿಗೆ ಪೋಸ್ಟೂ ಪುಟವೂ ಬೇರೆ ಬೇರೆ. ಡೇಟಾಬೇಸಿನಲ್ಲಿ ಮಾತ್ರ ಪುಟ ಸೇರುವುದು ‘ಪೋಸ್ಟ್ಸ್’ ಟೇಬಲ್ಲಿಗೇ. ಏರಿಸಿದ ಚಿತ್ರದ ವಿವರ, ಬರಹದ ಹಳೆಯ ಪ್ರತಿಗಳು, ಮೆನುವಿನ ಒಂದೊಂದು ಸಾಲು ಎಲ್ಲವೂ ಅಲ್ಲಿ ‘ಪೋಸ್ಟ್’ಗಳೇ. ಯಾರಾದರೂ ಸಹಾಯ ಕೇಳಿ “ಪೋಸ್ಟ್ ಅಳಿಸಿಹೋಗಿದೆ” ಎಂದರೆ ಕೇಳಿಸಿಕೊಂಡವರ ತಲೆಯಲ್ಲಿ ಯಾವ ಪೋಸ್ಟ್ ಎಂಬ ಪ್ರಶ್ನೆ ಏಳುತ್ತದೆ. ಇಬ್ಬರೂ ಒಂದೇ ಪದ ಬಳಸುತ್ತಾ ಬೇರೆ ಬೇರೆ ವಸ್ತುವಿನ ಬಗ್ಗೆ ಅರ್ಧ ಗಂಟೆ ಮಾತಾಡಬಹುದು.

ಇದಕ್ಕಿಂತ ದುಬಾರಿಯಾದ ಪ್ರಸಂಗವೂ ಇದೆ. 2007ರ ಸೆಪ್ಟೆಂಬರಿನಲ್ಲಿ ಬಂದ 2.3 ಆವೃತ್ತಿ ವರ್ಗಗಳ ಜೊತೆಗೆ ಟ್ಯಾಗುಗಳನ್ನು ತಂದಿತು. ಎರಡರಲ್ಲೂ ಒಂದೇ ಹೆಸರು ಬಂದರೆ ಡೇಟಾಬೇಸಿನಲ್ಲಿ ಒಂದೇ ಸಾಲು ಸಾಕು ಎಂಬುದು ಆಗಿನ ಯೋಚನೆ. ಪತ್ರಿಕೆಯ ತಾಣದಲ್ಲಿ ‘ಮೈಸೂರು’ ಎಂಬ ವರ್ಗವಿದೆ, ‘ಮೈಸೂರು’ ಎಂಬ ಟ್ಯಾಗೂ ಇದೆ ಎಂದುಕೊಳ್ಳಿ. ಸಂಪಾದಕರು ವರ್ಗದ ಹೆಸರನ್ನು ‘ಮೈಸೂರು ಜಿಲ್ಲೆ’ ಎಂದು ತಿದ್ದಿದರೆ ಟ್ಯಾಗಿನ ಹೆಸರೂ ಬದಲಾಗುತ್ತಿತ್ತು. ಮಲ್ಲಿಗೆಯ ಲೇಖನಕ್ಕೂ ದಸರಾ ಲೇಖನಕ್ಕೂ ಅಂಟಿಸಿದ್ದ ಟ್ಯಾಗ್ ಯಾರೂ ಕೇಳದೆ ಜಿಲ್ಲೆಯ ಹೆಸರಾಗುತ್ತಿತ್ತು. ಇಂಥ ಜೋಡಿಗಳು ಹೊಸದಾಗಿ ಹುಟ್ಟದಂತೆ 2014ರ ಡಿಸೆಂಬರಿನ 4.1 ತಡೆಯಿತು; ಇದ್ದವನ್ನು ತಿದ್ದುವಾಗ ಬೇರ್ಪಡಿಸುವ ವ್ಯವಸ್ಥೆ 2015ರ ಏಪ್ರಿಲಿನ 4.2ರಲ್ಲಿ ಬಂತು, ಉಳಿದುದನ್ನೆಲ್ಲ ಅದೇ ವರ್ಷದ 4.3 ಬಿಡಿಸಿತು. ಹೆಸರು ಒಂದೇ ಆದರೆ ಅರ್ಥವೂ ಒಂದೇ ಎಂದು ನಂಬಿದ್ದನ್ನು ಬಿಡಿಸಲು ಎಂಟು ವರ್ಷ ಹಿಡಿಯಿತು.

ಬ್ಲಾಕ್ ಎಡಿಟರ್ ಬಂದ ಮೇಲೆ ಪದಗಳ ಮಳೆಯೇ ಸುರಿಯಿತು. 2018ರ ಡಿಸೆಂಬರ್ 6ರಂದು ಬಿಡುಗಡೆಯಾದ 5.0 ಆವೃತ್ತಿಯಲ್ಲಿ ಒಂದೊಂದು ಪ್ಯಾರಾ, ಚಿತ್ರ, ಶೀರ್ಷಿಕೆ ಒಂದೊಂದು ‘ಬ್ಲಾಕ್’ ಆಯಿತು. ಅಚ್ಚಿನ ಇತಿಹಾಸದ ಗುಟೆನ್‌ಬರ್ಗ್ ಹೆಸರನ್ನು ಇಡೀ ಯೋಜನೆಗೆ ಇಟ್ಟರು. ಅದೇ ಹೆಸರಿನ ಪ್ಲಗಿನ್ ಕೂಡ ಇದೆ. ಎಷ್ಟೋ ಜನ ಎಡಿಟರನ್ನೂ ಹಾಗೇ ಕರೆಯುತ್ತಾರೆ. “ಗುಟೆನ್‌ಬರ್ಗ್ ತೆಗೆದುಹಾಕಿ” ಎಂದು ಯಾರಾದರೂ ಕೇಳಿದರೆ ಪ್ಲಗಿನ್ ತೆಗೆಯಬೇಕೋ, ಹಳೆಯ ಎಡಿಟರಿಗೆ ಮರಳಬೇಕೋ ಎಂದು ತಿರುಗಿ ಕೇಳಲೇಬೇಕು.

‘ಮರುಬಳಕೆಯ ಬ್ಲಾಕ್’ ಮತ್ತು ‘ಪ್ಯಾಟರ್ನ್’ ಕಥೆಯಲ್ಲಿ ಕಲಿಯುವುದು ಇನ್ನೂ ಹೆಚ್ಚಿದೆ. ಮರುಬಳಕೆಯ ಬ್ಲಾಕನ್ನು ಒಂದು ಕಡೆ ತಿದ್ದಿದರೆ ಅದು ಇರುವ ಎಲ್ಲ ಪುಟಗಳಲ್ಲೂ ಬದಲಾಗುತ್ತದೆ. 2020ರ ಆಗಸ್ಟಿನಲ್ಲಿ 5.5ರ ಜೊತೆ ಬಂದ ಪ್ಯಾಟರ್ನ್ ಹಾಗಲ್ಲ. ಪುಟಕ್ಕೆ ಸೇರಿದ ಕ್ಷಣದಿಂದ ಅದು ಸ್ವತಂತ್ರ ಪ್ರತಿ, ತಿದ್ದಿದ್ದು ಅಲ್ಲಿಗಷ್ಟೇ. ಎರಡೂ ‘ಮತ್ತೆ ಬಳಸಲು’ ಇರುವಂಥವೇ ಆದ್ದರಿಂದ ‘ಮರುಬಳಕೆ’ ಎಂಬ ಹೆಸರು ವ್ಯತ್ಯಾಸವನ್ನು ಹೇಳುತ್ತಲೇ ಇರಲಿಲ್ಲ. ಒಂದು ಪುಟದ ವಿಳಾಸವನ್ನಷ್ಟೇ ತಿದ್ದಲು ಹೋದವರು ಇಡೀ ತಾಣದ ವಿಳಾಸವನ್ನು ಬದಲಾಯಿಸಿಬಿಡುವ ಸಾಧ್ಯತೆ ಅದರಲ್ಲೇ ಅಡಗಿತ್ತು. 2023ರ ಆಗಸ್ಟ್ 8ರ 6.3 ಆವೃತ್ತಿ ಎರಡನ್ನೂ ಪ್ಯಾಟರ್ನ್ ಎಂಬ ಒಂದೇ ಹೆಸರಿನಡಿ ತಂದು, ಎಲ್ಲ ಕಡೆ ಒಟ್ಟಿಗೆ ಬದಲಾಗುವುದನ್ನು ‘ಸಿಂಕ್ ಆದ ಪ್ಯಾಟರ್ನ್’ ಎಂದು ಬೇರ್ಪಡಿಸಿತು. ವಸ್ತು ಎಲ್ಲಿ ಬಳಕೆಯಾಗುತ್ತದೆ ಎಂಬುದನ್ನು ಬಿಟ್ಟು, ತಿದ್ದಿದರೆ ಏನಾಗುತ್ತದೆ ಎಂಬುದನ್ನು ಹೆಸರು ಹೇಳತೊಡಗಿತು. ಒಳ್ಳೆಯ ಬದಲಾವಣೆ. ಆದರೆ ಅಷ್ಟರಲ್ಲಿ ಸುಮಾರು ಐದು ವರ್ಷಗಳ ಪಾಠ, ವಿಡಿಯೊ, ಅನುವಾದಗಳೆಲ್ಲ ಹಳೆಯ ಹೆಸರಿನಲ್ಲಿದ್ದವು. ಡೇಟಾಬೇಸಿನಲ್ಲಿ ಆ ವಸ್ತುವಿನ ಬಗೆಯ ಹೆಸರು ಇಂದಿಗೂ ಬ್ಲಾಕ್ ಎಂದೇ ಇದೆ.

ಬಳಸುವವರ ಮರ್ಯಾದೆಗೆ ಸಂಬಂಧಿಸಿದ ಒಪ್ಪಂದಗಳೂ ಇವೆ. ಬೇಡದ ಕಾಮೆಂಟುಗಳನ್ನು ತಡೆಯುವ ಪದಪಟ್ಟಿಗೆ ಬಣ್ಣದ ಹೆಸರಿತ್ತು: ಕಪ್ಪುಪಟ್ಟಿ. 5.5ರಲ್ಲಿ ಅದನ್ನು ‘ಅನುಮತಿ ಇಲ್ಲದ’ ಪದಗಳ ಪಟ್ಟಿ ಎಂದು ಬದಲಾಯಿಸಿದರು. ಸೆಟ್ಟಿಂಗಿನ ಒಳಹೆಸರನ್ನೂ ಬದಲಿಸಿ, ಹಳೆಯ ಹೆಸರಿನಿಂದ ಕರೆದ ಪ್ಲಗಿನ್ ಕೂಡ ನಿಲ್ಲದಂತೆ ದಾರಿ ಇಟ್ಟರು. ಪಟ್ಟಿ ಏನು ಮಾಡುತ್ತದೆ ಎಂಬುದು ಹೊಸ ಹೆಸರಿನಲ್ಲೇ ಇರುವುದರಿಂದ ಅನುವಾದಕರಿಗೂ ಅನುಕೂಲವಾಯಿತು. 2023ರ ನವೆಂಬರಿನ 6.4ರಲ್ಲಿ ‘ಹೊಸದನ್ನು ಸೇರಿಸಿ’ ಎಂಬ ಗುಂಡಿ ‘ಹೊಸ ಪೋಸ್ಟ್ ಸೇರಿಸಿ’, ‘ಹೊಸ ಪುಟ ಸೇರಿಸಿ’ ಎಂದಾಯಿತು. ಸ್ಕ್ರೀನ್ ರೀಡರ್ ಓದಿ ಹೇಳುವುದನ್ನು ಕೇಳುತ್ತಾ ಕೆಲಸ ಮಾಡುವ ಅಂಧರಿಗೆ, ಏನನ್ನು ಸೇರಿಸುವುದು ಎಂಬುದು ಈಗ ಆ ಗುಂಡಿಯಲ್ಲೇ ತಿಳಿಯುತ್ತದೆ.

ಇನ್ನು ಅನುವಾದಕರ ಕಡೆಯಿಂದ. ವರ್ಡ್‌ಪ್ರೆಸ್ಸಿನ ಅನುವಾದವೆಲ್ಲ ಗ್ಲಾಟ್‌ಪ್ರೆಸ್ ಎಂಬ ಉಪಕರಣದಲ್ಲಿ ನಡೆಯುತ್ತದೆ. ಪ್ರತಿ ಭಾಷೆಗೂ ಅಲ್ಲಿ ಒಂದು ಪದಕೋಶ. ಮೂಲವಾಕ್ಯದಲ್ಲಿ ಪದಕೋಶದ ಪದ ಬಂದರೆ ಅದರಡಿ ಗೆರೆ ಬೀಳುತ್ತದೆ. ಮೌಸನ್ನು ಮೇಲೆ ಒಯ್ದರೆ ಒಪ್ಪಿದ ಪದ, ಅದು ನಾಮಪದವೋ ಕ್ರಿಯಾಪದವೋ ಎಂಬುದು, ಒಂದು ಟಿಪ್ಪಣಿ ಕಾಣುತ್ತವೆ. ಯಾರು ಬೇಕಾದರೂ ಅನುವಾದ ಸೂಚಿಸಬಹುದು. ಅನುಮೋದಿಸುವುದು ಆ ಭಾಷೆಯ ಅನುವಾದ ಸಂಪಾದಕರ ಹೊಣೆ. ಇಂಗ್ಲಿಷಿನ ‘ಕಾಮೆಂಟ್’ ಹೆಸರೂ ಹೌದು, ಕ್ರಿಯೆಯೂ ಹೌದು. ಕನ್ನಡದಲ್ಲಿ ‘ಪ್ರತಿಕ್ರಿಯೆ’, ‘ಪ್ರತಿಕ್ರಿಯಿಸಿ’ ಎಂದು ಬೇರೆ ರೂಪಗಳೇ ಬೇಕು. 2009ರ 2.8 ಆವೃತ್ತಿಯಿಂದ ಕೋಡ್ ಬರೆಯುವವರು ಇಂಥ ಪದಗಳ ಜೊತೆ ಸಂದರ್ಭವನ್ನು ಬೇರೆಯಾಗಿ ನಮೂದಿಸಲು ಸಾಧ್ಯವಾಗಿದೆ. ನಮೂದಿಸದಿದ್ದರೆ ಎರಡು ಕಡೆಯೂ ಒಂದೇ ಕನ್ನಡ ರೂಪ ಬಂದು ಕೂರುತ್ತದೆ, ಅನುವಾದಕರು ಎಷ್ಟೇ ಬಲ್ಲವರಾಗಿರಲಿ.

ವಿಭಕ್ತಿಯದು ಇನ್ನೊಂದು ಕಷ್ಟ. ಖಾಲಿ ಜಾಗ ಬಿಟ್ಟು, ಅಲ್ಲಿಗೆ ವಸ್ತುವಿನ ಹೆಸರನ್ನು ಆಮೇಲೆ ತುಂಬುವ ವಾಕ್ಯ ಇಂಗ್ಲಿಷಿಗೆ ಸಲೀಸು. ಕನ್ನಡದಲ್ಲಿ ‘ಪುಟ ಅನ್ನು ಅಳಿಸಲಾಗಿದೆ’ ಎಂದು ಬರುತ್ತದೆ. ಪುಟವನ್ನು, ಪೋಸ್ಟನ್ನು, ಚಿತ್ರವನ್ನು ಎಂಬ ರೂಪಗಳಿಗೆ ಆ ಖಾಲಿ ಜಾಗದಲ್ಲಿ ಎಡೆಯಿಲ್ಲ. ವರ್ಡ್‌ಪ್ರೆಸ್ ಒಂದೊಂದು ಬಗೆಯ ಬರಹಕ್ಕೂ ಇಡೀ ವಾಕ್ಯಗಳನ್ನೇ ಬೇರೆಯಾಗಿ ಕೊಡುವ ಪದ್ಧತಿಯನ್ನು ಬೆಳೆಸಿರುವುದು ಕನ್ನಡಕ್ಕೆ ದೊಡ್ಡ ಉಪಕಾರ. ಎಷ್ಟೋ ಪ್ಲಗಿನ್‌ಗಳು ಅದನ್ನು ಪಾಲಿಸುವುದಿಲ್ಲ ಎಂಬುದು ಅನುವಾದಿಸುವವರೆಲ್ಲರ ಅನುಭವ.

ಒಂದೇ ಯೋಜನೆಯೊಳಗೆ ಒಪ್ಪಿಕೊಂಡರೂ ಸಾಲದು. ಕನ್ನಡದ ಓದುಗರೊಬ್ಬರು ಬೆಳಗ್ಗೆ ವಿಕಿಪೀಡಿಯದಲ್ಲಿ ತಿದ್ದಿ, ಸಂಜೆ ತಮ್ಮ ತಾಣದಲ್ಲಿ ಬರೆಯುತ್ತಾರೆ. ವಿಕಿಯ ತಂತ್ರಾಂಶವನ್ನು ಅನುವಾದಿಸುವವರು ಬೇರೆ ಜಾಗದಲ್ಲಿ, ಬೇರೆ ಪದಕೋಶ ಇಟ್ಟುಕೊಂಡು ಕೆಲಸ ಮಾಡುತ್ತಾರೆ. ರೆಡ್ ಹ್ಯಾಟ್ ಸಂಸ್ಥೆಯ ಆಶ್ರಯದಲ್ಲಿ 2008ರಲ್ಲಿ ಶುರುವಾದ ಫ್ಯೂಯಲ್ ಯೋಜನೆ ಕೈಹಾಕಿದ್ದು ಇದಕ್ಕೇ. ಕಂಪ್ಯೂಟರಿನ ಮೆನುಗಳಲ್ಲಿ ಪದೇ ಪದೇ ಬರುವ ಪದಗಳನ್ನು ಪಟ್ಟಿ ಮಾಡಿ, ಭಾಷೆ ಬಲ್ಲವರನ್ನೂ ಬಳಸುವವರನ್ನೂ ಒಟ್ಟಿಗೆ ಕೂರಿಸಿ, ಒಂದೊಂದು ಪದವನ್ನೂ ಚರ್ಚಿಸಿ ಒಪ್ಪುವ ಪದ್ಧತಿ ಅದು. ಕನ್ನಡವೂ ಅದರಲ್ಲಿ ಸೇರಿತ್ತು. ವೆಬ್ ಪ್ರಕಟಣೆಯ ಪದಗಳಿಗೂ ಅಂಥದ್ದೇ ಕೂಟ ಬೇಕು, ಆದರೆ ಪಟ್ಟಿಯ ಜೊತೆಗೆ ಕಾರಣಗಳನ್ನೂ ಬರೆದಿಡಬೇಕು. ‘ಪೋಸ್ಟ್’ ಅನ್ನು ಹಾಗೇ ಇಟ್ಟುಕೊಂಡದ್ದೇಕೆ, ‘ಬರಹ’ ಬೇಡವೆಂದದ್ದೇಕೆ ಎಂದು ಎರಡು ಸಾಲು ಇದ್ದರೆ ಮುಂದಿನ ವರ್ಷ ಬರುವ ಹೊಸಬರು ಅದೇ ವಾದವನ್ನು ಮೊದಲಿನಿಂದ ಶುರುಮಾಡಬೇಕಿಲ್ಲ. ಕಾರಣ ಹಳತಾಗಿದ್ದರೆ ಧೈರ್ಯವಾಗಿ ಬದಲಾಯಿಸಲೂಬಹುದು.

ಪ್ರತಿ ಆವೃತ್ತಿಯ ಕೊನೆಯ ಹಂತದಲ್ಲಿ ‘ಸ್ಟ್ರಿಂಗ್ ಫ್ರೀಜ್’ ಎಂಬ ಗಡುವು ಬರುತ್ತದೆ. ಆಮೇಲೆ ತೆರೆಯ ಮೇಲಿನ ಪದಗಳನ್ನು ಮುಟ್ಟುವಂತಿಲ್ಲ. ಈಗ ಬಹುಪಾಲು ಅನುವಾದಕರು ಹೊಸ ಪದವನ್ನು ಮೊದಲು ಕಾಣುವುದೇ ಆ ಗಡುವಿನ ಆಸುಪಾಸಿನಲ್ಲಿ. ಈ ಸಮ್ಮೇಳನದ ಮುಂದಿಡುವ ಸಲಹೆ ಇಷ್ಟು: ಹೊಸ ಸೌಲಭ್ಯವನ್ನು ಸೂಚಿಸುವವರೇ ಅದರ ಪದಕ್ಕೆ ಒಂದು ವಾಕ್ಯದ ವಿವರಣೆಯನ್ನೂ, ಅದು ಯಾವುದಲ್ಲ ಎಂಬ ಇನ್ನೊಂದು ವಾಕ್ಯವನ್ನೂ ಬರೆಯಲಿ. ಗಡುವಿಗೆ ಸಾಕಷ್ಟು ಮೊದಲೇ ಅವೆರಡೂ ಎಲ್ಲ ಭಾಷೆಗಳ ಅನುವಾದಕರಿಗೆ ತಲುಪಲಿ. ಎರಡು ಭಾಷೆಗಳವರು ಆ ವಾಕ್ಯಗಳನ್ನು ಎರಡು ಬಗೆಯಲ್ಲಿ ಅರ್ಥ ಮಾಡಿಕೊಂಡರೆ ಮೂಲದ ಇಂಗ್ಲಿಷ್ ಪದವನ್ನೇ ಮತ್ತೆ ಚರ್ಚೆಗೆ ತೆಗೆದುಕೊಳ್ಳಲಿ.

ಮಧ್ಯಾಹ್ನದ ಗೋಷ್ಠಿಯಲ್ಲಿ ಬ್ಲಾಕ್, ಪ್ಯಾಟರ್ನ್, ಟೆಂಪ್ಲೇಟ್, ಟೆಂಪ್ಲೇಟ್ ಭಾಗ ಈ ನಾಲ್ಕಕ್ಕೆ ಅಂಥ ಎರಡೆರಡು ವಾಕ್ಯಗಳನ್ನು ಕನ್ನಡದಲ್ಲಿ ಬರೆಯುವ ಕೆಲಸವಿದೆ. ಕೋಡ್ ಓದಲು ಬಾರದವರು, ಆದರೆ ದಿನವೂ ತಾಣಕ್ಕೆ ಬರೆಯುವವರು ಮುಂದಿನ ಸಾಲಿನಲ್ಲಿ ಕೂರಬೇಕೆಂದು ವಿನಂತಿ; ಬರೆದ ವಾಕ್ಯವನ್ನು ಮೊದಲು ಅವರಿಗೇ ಓದಿ ಹೇಳಲಾಗುತ್ತದೆ.