ಟ್ರಾಕ್ಟರಿನ ದೀಪ: ಬಲ್ಬನ್ನು ಹಿಡಿಯುವ ಕ್ರಮ

(ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕಬ್ಬು ಕಡಿಯುವ ಕಾಲ ಬಂತೆಂದರೆ ಮಂಡ್ಯದ ಕಡೆ ರಾತ್ರಿಯೆಲ್ಲ ರಸ್ತೆಯಲ್ಲಿ ಟ್ರಾಕ್ಟರುಗಳ ಓಡಾಟ. ಮುಂದಿನ ಎರಡು ದೀಪಗಳಲ್ಲಿ ಒಂದೇ ಉರಿಯುತ್ತಿದ್ದರೆ, ಎದುರಿಗೆ ಬರುವವನು ಮೋಟಾರ್ ಸೈಕಲ್ ಎಂದು ತಿಳಿದು ಹತ್ತಿರಕ್ಕೆ ಬರುತ್ತಾನೆ. ಅಲ್ಲಿಗೆ ಇಬ್ಬರ ಪ್ರಾಣಕ್ಕೂ ಸಂಚಕಾರ.

"ಹೊಸ ಬಲ್ಬು ಹಾಕಿಸಿದೆ, ತಿಂಗಳೊಳಗೆ ಹೋಯಿತು" ಎನ್ನುವವರು ಹಲವರು. ಅಂಗಡಿಯವನನ್ನು ದೂರುವ ಮೊದಲು, ಹಾಕುವಾಗ ಅದರ ಗಾಜನ್ನು ಬರಿಗೈಯಲ್ಲಿ ಮುಟ್ಟಿದೆವೇ ಎಂದು ಕೇಳಿಕೊಳ್ಳಿರಿ.

ಈಗ ಹಲವು ಟ್ರಾಕ್ಟರುಗಳಲ್ಲಿರುವುದು ಹ್ಯಾಲೊಜನ್ ಬಲ್ಬು. ೧೯೬೨ರಲ್ಲಿ ಯೂರೋಪಿನಲ್ಲಿ ಇದನ್ನು ಮೋಟಾರು ವಾಹನಗಳಿಗೆ ಮೊದಲು ಬಳಸಿದರು. ಇದರ ಗಾಜು ಚಿಕ್ಕದು. ಉರಿಯುವ ತಂತಿಗೆ ಬಹು ಹತ್ತಿರ. ಆದ್ದರಿಂದ ನೂರಾರು ಡಿಗ್ರಿ ಕಾಯುತ್ತದೆ. ನಮ್ಮ ಬೆರಳಿನ ಎಣ್ಣೆ, ಬೆವರಿನ ಉಪ್ಪು ಗಾಜಿಗೆ ಅಂಟಿದರೆ ಆ ಜಾಗ ಸುಟ್ಟು, ಉಳಿದ ಭಾಗಕ್ಕಿಂತ ಹೆಚ್ಚು ಕಾಯುತ್ತದೆ. ಗಾಜು ಅಲ್ಲಿ ಬಲ ಕಳೆದುಕೊಂಡು ಉಬ್ಬಬಹುದು, ಬಿರಿಯಬಹುದು. ಒಳಗೆ ಒತ್ತಡದಲ್ಲಿ ಅನಿಲವಿರುವುದರಿಂದ ಸಿಡಿಯುವುದೂ ಉಂಟು.

ಬಲ್ಬು ಬದಲಿಸುವಾಗ ಹೀಗೆ ಮಾಡಿರಿ:

೧. ಎಂಜಿನ್ ಮತ್ತು ದೀಪ ಆರಿಸಿ, ಬಲ್ಬು ಪೂರ್ತಿ ತಣ್ಣಗಾಗುವವರೆಗೆ ಕಾಯಿರಿ.

೨. ಹೊಸ ಬಲ್ಬನ್ನು ತಳದ ಲೋಹದ ಭಾಗದಲ್ಲೇ ಹಿಡಿಯಿರಿ. ಇಲ್ಲವೆ ಅದರ ಕಾಗದದ ಪೆಟ್ಟಿಗೆಯನ್ನೋ ಶುಭ್ರವಾದ ಬಟ್ಟೆಯನ್ನೋ ಸುತ್ತಿ ಹಿಡಿಯಿರಿ.

೩. ಅಕಸ್ಮಾತ್ ಗಾಜಿಗೆ ಕೈ ತಗುಲಿದರೆ, ಔಷಧದ ಅಂಗಡಿಯ ಎಣ್ಣೆ ಸೇರದ ಸ್ಪಿರಿಟ್ಟನ್ನು ನೂಲು ಬಿಡದ ಬಟ್ಟೆಗೆ ಹಾಕಿ ಒರೆಸಿರಿ. ಪೂರ್ತಿ ಆರಿದ ಮೇಲೆಯೇ ದೀಪ ಹಚ್ಚಿರಿ. ಸ್ಪಿರಿಟ್ ಬೇಗ ಹತ್ತಿಕೊಳ್ಳುವುದರಿಂದ ಬೀಡಿ, ಬೆಂಕಿ ಹತ್ತಿರ ಬೇಡ. ಸೀಮೆಎಣ್ಣೆ, ಡೀಸೆಲ್ ಬಳಸಬೇಡಿ. ಅವುಗಳ ಜಿಡ್ಡು ಗಾಜಿನಲ್ಲೇ ಉಳಿಯುತ್ತದೆ.

೪. ದೀಪದೊಳಗಿನ ಹೊಳೆಯುವ ತಟ್ಟೆಯನ್ನು ಉಜ್ಜಬೇಡಿ. ಲೇಪ ಕಿತ್ತುಹೋದರೆ ಬೆಳಕು ಮಂಕಾಗುತ್ತದೆ.

೫. ಹಿಂದಿನ ರಬ್ಬರ್ ಮುಚ್ಚಳವನ್ನು ಸರಿಯಾಗಿ ಕೂರಿಸಿರಿ. ಧೂಳು, ನೀರು ಒಳಹೋಗದಿರಲಿ.

ಹೊರಗಿನ ಗಾಜಿನ ಕೆಸರನ್ನು ಪ್ರತಿ ಸಂಜೆ ಹೊರಡುವ ಮುನ್ನ, ಅದು ತಣ್ಣಗಿರುವಾಗ, ನೀರಿನಿಂದ ತೊಳೆಯಿರಿ.

ಇನ್ನೊಂದು ಮಾತು. ಬೆಳಕು ಹೆಚ್ಚಲೆಂದು ದೊಡ್ಡ ಬಲ್ಬು ಹಾಕಬೇಡಿ. ೧೨ ವೋಲ್ಟಿನಲ್ಲಿ ೬೦ ವ್ಯಾಟಿನ ಬಲ್ಬು ೫ ಆಂಪಿಯರ್ ಎಳೆದರೆ, ೧೦೦ ವ್ಯಾಟಿನದು ೮ ಆಂಪಿಯರಿಗೂ ಮೀರಿ ಎಳೆಯುತ್ತದೆ. ವೈರು, ಹೋಲ್ಡರು ಕರಗಬಹುದು. ಎದುರಿನವನ ಕಣ್ಣೂ ಕುಕ್ಕುತ್ತದೆ. ಹಳೆಯ ಬಲ್ಬಿನ ತಳದಲ್ಲಿ ಬರೆದ ಅಂಕಿಯನ್ನೇ ನೋಡಿ ಹೊಸದನ್ನು ಕೊಳ್ಳಿರಿ.

ಖರ್ಚು ಒಂದು ಚಿಂದಿ ಬಟ್ಟೆ, ನಾಲ್ಕು ಹನಿ ಸ್ಪಿರಿಟ್. ಅಷ್ಟರಿಂದ ಬಲ್ಬೂ ಬಾಳುತ್ತದೆ, ಬಂಡಿ ಹೊಡೆಯುವ ಮಗನೂ ಕ್ಷೇಮವಾಗಿ ಮನೆ ಸೇರುತ್ತಾನೆ.