ಹಿಮಾಲಯದ ನಡಿಗೆಯ ಲೆಕ್ಕ

(ದೆಹಲಿಯ ಕನ್ನಡಿಗರ ಸಭೆಯಲ್ಲಿ ಮಾಡಿದ ಭಾಷಣ)



ನಾಡುನುಡಿಗಳ ವಿಷಯವಾಗಿ ಬಲ್ಲವರು ಆಗಲೇ ಮಾತನಾಡಿದ್ದಾರೆ. ನಾನು ನೆಲದ ವಿಷಯವಾಗಿ ನಾಲ್ಕು ಮಾತು ಹೇಳಬಯಸುತ್ತೇನೆ. ನಮ್ಮ ಹಿರಿಯರ ನೆಲ ದಖ್ಖನದ ಗಟ್ಟಿ ಬಂಡೆ. ನಮ್ಮಲ್ಲಿ ಅನೇಕರು ಇಲ್ಲಿ ಮನೆ ಮಾಡಿಕೊಂಡಿರುವುದು ಯಮುನೆ ತಂದು ಹಾಸಿದ ಮೆಕ್ಕಲಿನ ಮೇಲೆ. ಇಲ್ಲಿಂದ ಸುಮಾರು 200 ಕಿಲೋಮೀಟರಿನಾಚೆ ಹಿಮಾಲಯದ ಬುಡ. ಭಾರತದ ಭೂಫಲಕವು ಹಿಮಾಲಯದ ಅಡಿಗೆ ನುಗ್ಗುತ್ತಿರುವ ಮಹಾ ಸ್ತರಭಂಗದ ಅಂಚು ಅಲ್ಲಿಯೇ ಇದೆ.

ಈ ನುಗ್ಗುವಿಕೆಯನ್ನು ಅಳೆಯುವುದಕ್ಕೆ ನಮ್ಮ ಬೆಂಗಳೂರೂ ನೆರವಾಗಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ 1990ರ ದಶಕದಿಂದ ಉಪಗ್ರಹಗಳ ಸಂಕೇತಗಳನ್ನು ಹಿಡಿಯುವ ಜಿ.ಪಿ.ಎಸ್. ಯಂತ್ರವೊಂದಿದೆ. ದಕ್ಷಿಣ ಭಾರತವು ಬಹುಮಟ್ಟಿಗೆ ಒಂದೇ ಹಲಗೆಯಂತೆ ಸಾಗುವುದರಿಂದ ಅದರ ನಡಿಗೆಯೇ ಫಲಕದ ನಡಿಗೆ. ಇಂಥ ಯಂತ್ರಗಳ ಪ್ರಕಾರ, ದಕ್ಷಿಣ ಟಿಬೆಟ್ಟಿಗೂ ನಮಗೂ ನಡುವಣ ದೂರ ವರ್ಷಕ್ಕೆ ಸುಮಾರು 20 ಮಿಲಿಮೀಟರು, ಎಂದರೆ ಅಂಗುಲಕ್ಕಿಂತ ಕಡಿಮೆ, ಕುಗ್ಗುತ್ತಿದೆ.

ಆದರೆ ಇಪ್ಪತ್ತು ಮೂವತ್ತು ವರ್ಷಗಳ ಅಳತೆ ಪರ್ವತದ ಆಯುಸ್ಸಿನಲ್ಲಿ ಎಷ್ಟು ಮಾತ್ರದ್ದು? ಹಳೆಯ ಕಡತವೂ ಬೇಕು. ಅದನ್ನು ನದಿಗಳು ಬರೆದಿಟ್ಟಿವೆ. ನೇಪಾಳದಲ್ಲಿ ಬಾಗಮತಿ ನದಿ ಶಿವಾಲಿಕ ಗುಡ್ಡಗಳನ್ನು ಕೊರೆದು ಹರಿಯುತ್ತದೆ. ಅದು ಒಂದೊಂದು ಕಾಲದಲ್ಲಿ ಹಾಸಿದ ಜಲ್ಲಿಯ ದಂಡೆಗಳು, ಗುಡ್ಡ ಮೇಲೇರಿದಂತೆಲ್ಲ, ಮೆಟ್ಟಿಲು ಮೆಟ್ಟಿಲಾಗಿ ಎತ್ತರದಲ್ಲಿ ಉಳಿದಿವೆ. ಲಾವೇ, ಆವುವಾಕ್ ಎಂಬ ವಿಜ್ಞಾನಿಗಳು ಆ ಮೆಟ್ಟಿಲುಗಳ ಎತ್ತರವನ್ನು ಅಳೆದು, ಅವುಗಳಲ್ಲಿ ಹುದುಗಿದ್ದ ಇದ್ದಿಲಿನ ಇಂಗಾಲದಿಂದ ವಯಸ್ಸನ್ನು ಗೊತ್ತುಮಾಡಿ, 2000ದಲ್ಲಿ ತಮ್ಮ ಲೆಕ್ಕವನ್ನು ಪ್ರಕಟಿಸಿದರು. ಸಾವಿರಾರು ವರ್ಷಗಳ ಸರಾಸರಿ ವರ್ಷಕ್ಕೆ ಸುಮಾರು 21 ಮಿಲಿಮೀಟರು!

ಎರಡು ಲೆಕ್ಕಗಳೂ ತಾಳೆಯಾದವು. ಆದರೆ ಒಂದು ವಿಚಿತ್ರವನ್ನು ಗಮನಿಸಬೇಕು. ಇಂದು ಬೆಟ್ಟದ ಬುಡದಲ್ಲಿ ಸ್ತರಭಂಗ ಜಾರುತ್ತಲೇ ಇಲ್ಲ. ಸುಮಾರು ನೂರು ಕಿಲೋಮೀಟರು ಅಗಲಕ್ಕೆ ಅದು ಬಿಗಿದುಕೊಂಡಿದೆ. ಆದರೂ ನದಿಯ ಕಡತದ ಪ್ರಕಾರ ಚಲನೆಯೆಲ್ಲ ಕೊನೆಗೆ ಆ ಬುಡಕ್ಕೇ ಬಂದು ಸೇರಿದೆ. ಹಾಗಾದರೆ ಅದು ಬಂದದ್ದು ಯಾವಾಗ? ಮಹಾಭೂಕಂಪಗಳಲ್ಲಿ. ಶತಮಾನಗಳ ಬಾಕಿ ಕ್ಷಣಮಾತ್ರದಲ್ಲಿ ಸಂದಾಯವಾಗುತ್ತದೆ.

ಇದಕ್ಕೂ ಸಾಕ್ಷಿಯುಂಟು. ಪೂರ್ವ ನೇಪಾಳದಲ್ಲಿ ನೆಲವನ್ನು ಅಗೆದು ಪರೀಕ್ಷಿಸಿದ ತಜ್ಞರು, 1255 ಮತ್ತು 1934ರ ಭೂಕಂಪಗಳಲ್ಲಿ ನೆಲ ಬಿರಿದ ಗುರುತುಗಳನ್ನು ಕಂಡುಹಿಡಿದು 2013ರಲ್ಲಿ ವರದಿ ಮಾಡಿದರು. ನಡುವೆ 679 ವರ್ಷ. ವರ್ಷಕ್ಕೆ 20 ಮಿಲಿಮೀಟರಿನಂತೆ ಗುಣಿಸಿದರೆ ಹದಿಮೂರು ಮೀಟರಿಗೂ ಮಿಕ್ಕ ಬಾಕಿ!

ಪಂಚಾಂಗದಲ್ಲಿ ಗ್ರಹಣವನ್ನು ಹೇಳಿದಂತೆ ಭೂಕಂಪದ ದಿನವನ್ನು ಹೇಳಲಾಗದು. 1905ರಲ್ಲಿ ಕಾಂಗ್ರಾದಲ್ಲಿ ಸುಮಾರು 20,000 ಜನ, 2015ರಲ್ಲಿ ನೇಪಾಳದಲ್ಲಿ ಸುಮಾರು 9,000 ಜನ ಸತ್ತರು. ಅವರಲ್ಲಿ ಬಹುಮಂದಿಯನ್ನು ಕೊಂದದ್ದು ನೆಲವಲ್ಲ, ಮೇಲೆ ಬಿದ್ದ ಗೋಡೆ. ಸಡಿಲ ಮೆಕ್ಕಲು ದೂರದ ಕಂಪನವನ್ನೂ ಹಿಗ್ಗಿಸಬಲ್ಲದು. ಆದುದರಿಂದ ಈ ಊರಿನಲ್ಲಿ ಮನೆ ಕೊಳ್ಳುವ ಬಂಧುಗಳು ಹಜಾರದ ಅಂದವನ್ನು ನೋಡುವ ಮೊದಲು, ಕಟ್ಟಡವನ್ನು ಭೂಕಂಪದ ನಿಯಮಗಳಂತೆ ಕಟ್ಟಿದ್ದಾರೆಯೆ ಎಂದು ಬಲ್ಲ ಇಂಜಿನಿಯರರಿಂದ ವಿಚಾರಿಸಲಿ. ಬೆಟ್ಟದ ಲೆಕ್ಕವನ್ನು ನಾವು ತಿದ್ದಲಾರೆವು. ನಮ್ಮ ಗೋಡೆಯ ಲೆಕ್ಕವನ್ನು ತಿದ್ದಿಕೊಳ್ಳಬಹುದು.