ಹೆಸರು ‘ಗ್ಲೋ’ ಆಯ್ತು, ಫ್ಲೆಕ್ಸ್ ಮಾತ್ರ ಇನ್ನೂ ಬೆಳ್ಳಗೇ ಇದೆ

ಇಯರ್‌ಫೋನ್ ಹಾಕ್ಕೊಂಡು ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಲ್ಲಿ ಹೋಗ್ತಿರೋರು ಒಂದ್ನಿಮಿಷ ಕಿಟಕಿಯಾಚೆ ನೋಡಿ. ಸೀರೆ ಅಂಗಡಿ, ಬಂಗಾರದಂಗಡಿ, ಬ್ಯೂಟಿ ಪಾರ್ಲರ್ ಫ್ಲೆಕ್ಸ್‌ಗಳು ಕಾಣ್ತವೆ. ಆ ಮುಖಗಳಲ್ಲಿ ನಿಮ್ಮ ಪಕ್ಕದ ಸೀಟಲ್ಲಿ ಕೂತವರ ಬಣ್ಣದ್ದು ಎಷ್ಟಿವೆ, ಎಣಿಸಿ.

ನಮ್ಮ ಕಡೆ ಹೆಣ್ಣು ನೋಡಿ ಬಂದವರು ಹೇಳೋ ಮಾತು ಗೊತ್ತಲ್ಲ, “ಕಪ್ಪಗಿದ್ರೂ ಲಕ್ಷಣವಾಗಿದಾಳೆ.” ಆ ‘ಇದ್ರೂ’ ಅನ್ನೋದನ್ನೇ ಜಾಹೀರಾತಿನವರು ಟ್ಯೂಬಿಗೆ ತುಂಬಿ ಮಾರಿದ್ರು. ಫೇರ್ ಅಂಡ್ ಲವ್ಲಿ ಮಾರುಕಟ್ಟೆಗೆ ಬಂದಿದ್ದು 1975ರಲ್ಲಿ. ನಾನು ಬಿಕಾಂ ಓದಿದವನು. ಗ್ರಾಹಕರ ಅಗತ್ಯ ತಿಳ್ಕೊಂಡು ವಸ್ತು ಮಾರಬೇಕು ಅಂತ ಮಾರ್ಕೆಟಿಂಗ್ ಪಾಠದಲ್ಲಿ ಹೇಳಿಕೊಟ್ಟಿದ್ರು. ಇಲ್ಲಿ ಮೊದಲು ನಾಚಿಕೆ ಹುಟ್ಟಿಸ್ತಾರೆ, ಆಮೇಲೆ ಕ್ರೀಮ್ ಮಾರ್ತಾರೆ.

ಇದೇ ಕ್ರೀಮಿನ ಒಂದು ಹಳೇ ಟಿವಿ ಜಾಹೀರಾತಿದೆ. ಸಂಸಾರ ಸಾಗಿಸೋಕೆ ಕಷ್ಟಪಡೋ ಅಪ್ಪ, ಗಂಡು ಮಗ ಇರಬೇಕಿತ್ತು ಅಂತ ಕೊರಗ್ತಾನೆ. ಮಗಳು ಕ್ರೀಮ್ ಹಚ್ಚಿ ಬೆಳ್ಳಗಾಗ್ತಾಳೆ, ಗಗನಸಖಿ ಕೆಲಸ ಸಿಗುತ್ತೆ! ಓದು, ಇಂಟರ್‌ವ್ಯೂ ಎಲ್ಲ ಸುಮ್ನೆ ಅನ್ನೋ ಹಾಗೆ. ಜನವಾದಿ ಮಹಿಳಾ ಸಂಘಟನೆ ದೂರು ಕೊಟ್ಟು ಹೋರಾಡಿದ ಮೇಲೆ 2003ರಲ್ಲಿ ಅದು ನಿಂತಿತು.

2014ರಲ್ಲಿ ಜಾಹೀರಾತು ಗುಣಮಟ್ಟ ಮಂಡಳಿ, ಅಂದ್ರೆ ಎಎಸ್‌ಸಿಐ, ಒಂದು ಮಾರ್ಗಸೂಚಿ ತಂತು. ಕಪ್ಪಗಿರೋರನ್ನ ಅಂದವಿಲ್ಲದವರು, ದುಃಖದಲ್ಲಿರೋರು ಅಂತ ತೋರಿಸಬಾರದು. ಬಣ್ಣಕ್ಕೂ ಜಾತಿಗೂ, ಕೆಲಸಕ್ಕೂ ಗಂಟು ಹಾಕಬಾರದು. ನಿಯಮ ಚೆನ್ನಾಗಿದೆ. ಆದ್ರೆ ಇದು ಉದ್ಯಮದವರು ತಮಗೆ ತಾವೇ ಹಾಕ್ಕೊಂಡ ಬೇಲಿ.

2017ರಲ್ಲಿ ಡವ್ ಸೋಪಿನವರು ಫೇಸ್‌ಬುಕ್ಕಲ್ಲಿ ಒಂದು ವಿಡಿಯೊ ಹಾಕಿದ್ರು. ಕಪ್ಪು ಮಹಿಳೆ ಟೀ ಶರ್ಟ್ ತೆಗೀತಿದ್ದ ಹಾಗೇ ಬಿಳಿ ಮಹಿಳೆ ಕಾಣಿಸ್ತಾಳೆ. ಜಗತ್ತೇ ಬೈದಾಗ ಕ್ಷಮೆ ಕೇಳಿದ್ರು. ಡವ್ ಯಾರದ್ದು? ಯೂನಿಲಿವರ್‌ದು. ಫೇರ್ ಅಂಡ್ ಲವ್ಲಿನೂ ಅವರದ್ದೇ. ಅಲ್ಲಿ ತಪ್ಪು ಅನ್ನಿಸಿದ್ದು ಇಲ್ಲಿ ಮೂರು ವರ್ಷ ವ್ಯಾಪಾರವಾಗಿ ಮುಂದುವರೀತು. 2020ರಲ್ಲಿ ಅಮೆರಿಕದಲ್ಲಿ ಜಾರ್ಜ್ ಫ್ಲಾಯ್ಡ್ ಹತ್ಯೆ ಆಗಿ ಜನ ಬೀದಿಗಿಳಿದ ಮೇಲೇ ‘ಫೇರ್’ ಹೋಗಿ ‘ಗ್ಲೋ’ ಬಂದಿದ್ದು. ಶಾದಿ ಡಾಟ್ ಕಾಮ್ ಮೈಬಣ್ಣದ ಫಿಲ್ಟರ್ ತೆಗೆದಿದ್ದೂ ಆಗಲೇ.

ಹರಿಹರೇಶ್ವರ ದೇವಸ್ಥಾನದಲ್ಲಿ ಒಂದೇ ವಿಗ್ರಹ, ಅರ್ಧ ಹರಿ, ಅರ್ಧ ಹರ. ಹರಿ ಮೋಡದ ಬಣ್ಣದವನು, ಹರ ಕರ್ಪೂರದ ಬಣ್ಣದವನು ಅಂತಾರೆ. ಅಲ್ಲಿ ‘ಬಿಫೋರ್’ ಯಾವ್ದು, ‘ಆಫ್ಟರ್’ ಯಾವ್ದು ಅಂತ ಯಾರೂ ಕೇಳಲ್ಲ, ಕೈ ಮುಗೀತಾರೆ ಅಷ್ಟೇ.

ಮುಂಬೈ ಕಂಪನಿಗಳನ್ನ ಬೈಯೋದು ಸುಲಭ. ನಮ್ಮೂರಲ್ಲಿ ಫ್ಲೆಕ್ಸ್ ಡಿಸೈನ್ ಮಾಡೋರು, ಅಂಗಡಿಗೆ ರೀಲ್ಸ್ ಮಾಡೋರು ನಮ್ಮ ವಯಸ್ಸಿನವರೇ ಅಲ್ವಾ? ಮುಖ ಬೆಳ್ಳಗೆ ಮಾಡೋ ಸ್ಲೈಡರ್ ಎಳೆಯೋ ಬೆರಳು ನಮ್ದೇ. ಮುಂದಿನ ಸಲ ಫ್ರೆಂಡ್ ಬಟ್ಟೆ ಅಂಗಡಿಗೆ ರೀಲ್ಸ್ ಮಾಡೋವಾಗ ಫಿಲ್ಟರ್ ಆಫ್ ಮಾಡಿ ನೋಡಿ. ಅಲ್ಲೇ ಸೀರೆ ಮಡಚೋ ಹುಡುಗಿ ಒಪ್ಪಿದ್ರೆ ಅವಳೇ ಸೀರೆ ಉಟ್ಟು ನಿಲ್ಲಲಿ. ದುಡ್ಡು ಮಾತ್ರ ಮಾಡೆಲ್ ರೇಟಲ್ಲೇ ಕೊಡ್ಸಿ, ಆಯ್ತಾ?